ಕೇಬಲ್ ಮ್ಯಾಲಿನ ಕೌದಿ

ರಾಯಚೂರು, ಮಾನ್ವಿ, ದೇವದುರ್ಗ ಮೂರನ್ನೂ ನಮ್ಮ ಫೈಬರ್ ಕೇಬಲ್ ಉಂಗುರದಂತೆ ಸುತ್ತಿಕೊಂಡಿದೆ. ಒಂದು ಕಡೆ ಪೂರ್ತಿ ಹರಿದರೆ ಚಿಂತೆಯಿಲ್ಲ, ನೆಟ್‌ವರ್ಕ್ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಆವತ್ತು ಮಾನ್ವಿ ಕಡೆಯದು ಹರಿದಿರಲಿಲ್ಲ, ಗಳಿಗೆಗೊಮ್ಮೆ ಹೋಗಿ ಬರುತ್ತಿತ್ತು. ಇದಕ್ಕಿಂತ ಹರಿದದ್ದೇ ವಾಸಿ. ದಾರಿ ಬದಲಿಸಿ ಬದಲಿಸಿ ಇಡೀ ಉಂಗುರವೇ ಸುಸ್ತಾಗಿತ್ತು. ದೇವದುರ್ಗದ ರೇಷನ್ ಅಂಗಡಿಯಲ್ಲಿ ಜನ ಮಷೀನಿಗೆ ಹೆಬ್ಬೆಟ್ಟು ಒತ್ತಿ ಒತ್ತಿ ಬೈಯುತ್ತಿದ್ದರು.

ಲೈನ್ ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತಾ ಮಾನ್ವಿ ಹತ್ತಿರದ ಹಿರೇಕೊಟ್ನೆಕಲ್‌ಗೆ ಹೋದೆ. ದಸರಾ ಹತ್ತಿರ ಬಂದಿತ್ತು, ಮನೆಮನೆಯಲ್ಲೂ ಹಾಸಿಗೆ-ಹೊದಿಕೆ ಒಗೆಯುವ ಗಡಿಬಿಡಿ. ಜೋತುಬಿದ್ದ ನಮ್ಮ ಕೇಬಲ್ ಮೇಲೆ ಒಬ್ಬ ಅಜ್ಜಿ ಹಳೆ ಸೀರೆ ಹೊಲಿದ ಹಸಿ ಕೌದಿ ಒಣಹಾಕಿದ್ದಳು. ಗಾಳಿ ಬೀಸಿದಾಗಲೆಲ್ಲ ಕಂಬದ ಮೇಲಿನ ಜಾಯಿಂಟ್ ಜಗ್ಗುತ್ತಿತ್ತು.

"ಯವ್ವಾ, ಇದನ್ನ ತೆಗೀಬೇಕು. ಈ ಕೇಬಲ್ಲಿನಾಗ ನೆಟ್‌ವರ್ಕ್ ಹೋಗ್ತದ," ಅಂದೆ. ಉಂಗುರದ ಸಂಗತಿಯನ್ನೂ ಬಿಡಿಸಿ ಹೇಳಿದೆ.

"ಇನ್ನೊಂದು ದಾರಿ ಅದ ಅಂತೀರಲ್ಲ. ಕೌದಿ ಒಣಗೂತನ ಆ ಕಡಿಂದ ಹೋಗ್ಲಿ ಬಿಡ್ರಿ."

ನಾನು ವಾದ ಬಿಟ್ಟೆ. "ನಾನಽ ಹಿಂಡಿ ಕೊಡ್ತೀನಿ, ಗ್ವಾಡಿ ಮ್ಯಾಲ ಹಾಕೂಣು," ಅಂದೆ. ಅದಕ್ಕೆ ಒಪ್ಪಿದಳು. ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಿ, ಗೋಡೆಯ ಮೇಲೆ ಹರವಿದೆವು.

ರಾಯಚೂರಿನ ಆಫೀಸಿನಿಂದ ನಮ್ಮ ಸಾಹೇಬರ ಫೋನ್ ಬಂತು. "ಈಗ ನೆಟ್ಟಗ ನಿಂತದ. ಏನ್ ಮಾಡಿದ್ರಿ?"

"ಕೌದಿ ಹಿಂಡೀನ್ರಿ ಸರ್."

ಬೈಯುತ್ತಾರೆ ಅಂದುಕೊಂಡೆ. ಆದರೆ ಸಾಹೇಬರೂ ಈ ಕಡೆಯವರೇ. "ಇನ್ನೂ ಎಷ್ಟು ಕೌದಿ ಒಗಿಯೂದು ಅದಾವ, ಕೇಳ್ಕೊಂಡು ಬರ್ರಿ," ಅಂದರು.