ಕೊಟ್ಟಿಗೆಯ ಬಾಗಿಲು

ಮೊನ್ನೆ ಪಕ್ಕದ ಮನೆಯಿಂದ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ವಾಸನೆ ಬಂತು. ನೆನಪಾದವರು ನಮ್ಮ ಇತಿಹಾಸದ ಮೇಡಂ.

ಸಿರುಗುಪ್ಪದ ನಮ್ಮ ಓಣಿಯಲ್ಲಿ ಅವರ ತಂದೆಯದು ದೊಡ್ಡ ಮನೆ, ಕಾಲುವೆಯ ಗುಂಟ ಗದ್ದೆ. ಮೇಡಂ ದಿನಾ ಬಸ್ಸಿನಲ್ಲಿ ಬಳ್ಳಾರಿಯ ಕಾಲೇಜಿಗೆ ಹೋಗಿ ಪಾಠ ಹೇಳುತ್ತಿದ್ದರು. ನನ್ನದೂ ಅದೇ ಬಸ್ಸು, ಅದೇ ತರಗತಿ. ಒಂದು ದಿನ ವೈಕಿಂಗರ ಪಾಠ. ಮೇಲೆ ಜಾರ್ಲ್ ಎಂಬ ಧಣಿಗಳು, ನಡುವೆ ಕಾರ್ಲ್ ಎಂಬ ಸ್ವತಂತ್ರ ರೈತರು, ಕೆಳಗೆ ಥ್ರಾಲ್ ಎಂಬ ಗುಲಾಮರು. ರೈತನಿಗೆ ಸಭೆಯಲ್ಲಿ ಮಾತಾಡುವ ಹಕ್ಕಿತ್ತು; ಗುಲಾಮನಿಗೆ ಬಾಯಿಲ್ಲ. ಬಿಡುಗಡೆ ಸಿಕ್ಕವನು ಕೆಲವು ಕಡೆ ತನ್ನದೇ ಧಾನ್ಯದಿಂದ ಮದ್ಯ ಮಾಡಿ, ಕುರಿ ಕೊಯ್ದು, ಒಡೆಯನನ್ನು ಊಟಕ್ಕೆ ಕರೆಯಬೇಕಿತ್ತು. ಆ ಊಟವಾದ ಮೇಲೇ ಅವನ ದುಡಿಮೆ ಅವನದು.

ಜೀತ ರದ್ದಾದ ಹೊಸತು ಅದು. ಮೇಡಂ ಮನೆಯಲ್ಲೇ ಜೀತಕ್ಕಿದ್ದ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಕಾಗದದ ಮೇಲೆ ಬಿಡುಗಡೆಯಾಗಿದ್ದರೂ ನಸುಕಿಗೆ ಬಂದು ಕೊಟ್ಟಿಗೆಯ ಮುಂದೆ ನಿಲ್ಲುತ್ತಿದ್ದರು. ಮೇಡಂ ಬರಬೇಡ ಅಂದರೆ, "ಮತ್ತೆಲ್ಲಿ ನಿಂದ್ರಲವ್ವಾ?" ಎನ್ನುತ್ತಿದ್ದರು.

ಆ ಪಾಠದ ಮರುವಾರವೋ, ತಿಂಗಳಾದ ಮೇಲೋ... ಮೇಡಂ ಕಾಕಾಗೆ ಹೇಳಿದರು, "ನಿಮ್ಮ ಮನಿಗೆ ನಮ್ಮನ್ನ ಊಟಕ್ಕ ಕರಿ, ಕಾಕಾ."

"ನಮ್ಮ ರೊಟ್ಟಿ ನೀವು ತಿಂತೀರೇನವ್ವಾ?"

"ಹಲ್ಲು ಗಟ್ಟಿ ಅದಾವ, ಹೆದರಬ್ಯಾಡ."

ಕಾಕಾ ಅಂಜುತ್ತಲೇ ಬಂದು ಕರೆದರು. ಮೇಡಂ ತಂದೆ ಮಗಳಿಗೆ ಹೇಳಿದರು, "ಆ ಮನ್ಯಾಗ ಉಂಡು ಬಂದ್ರ ನನ್ನ ಹೊಸ್ತಿಲು ತುಳೀಬ್ಯಾಡ."

"ಕೊಟ್ಟಿಗಿ ಬಾಗಲ್ಲಿಂದ ಬರ್ತೀನಿ ಬಿಡಪ್ಪಾ," ಎಂದು ಮೇಡಂ ಹೊರಟರು. ನನ್ನನ್ನೂ ಕರೆದೊಯ್ದರು.

ಕಾಕಾನ ಹೆಂಡತಿ ಕೂಲಿ ಮಾಡಿ ತಂದ ಜೋಳದಲ್ಲಿ ತಟ್ಟಿದ ರೊಟ್ಟಿ, ಪುಂಡಿಪಲ್ಯ. ಮೇಡಂ ಚಾಪೆ ಸರಿಸಿ ನೆಲದ ಮೇಲೆ ಕೂತರು. ಅಥವಾ ಚಾಪೆ ಸರಿಸಿದ್ದನ್ನು ನಾನು ಆಮೇಲೆ ಸೇರಿಸಿಕೊಂಡೆನೋ... ಕಾಕಾ ಗೋಡೆಗೆ ಒರಗಿ ನಿಂತೇ ಇದ್ದರು.

"ಕರೆದಾವ್ರು ನಿಂತ್ರ ಬಂದಾವ್ರು ಉಣ್ಣೋದು ಹ್ಯಾಂಗ?" ಎಂದರು ಮೇಡಂ. ಕಾಕಾ ಎದುರಿಗೆ ಕೂತು ರೊಟ್ಟಿ ಮುರಿದರು.

ಮರುದಿನ ನಸುಕಿಗೆ ಕೊಟ್ಟಿಗೆಯ ಮುಂದೆ ಯಾರೂ ಇರಲಿಲ್ಲ. ಕಾಕಾ ಬೇರೆಯವರ ಗದ್ದೆಗೆ ಕೂಲಿಗೆ ಹೋಗಿದ್ದರು. ಸಗಣಿ ಬಳಿದು ಎಮ್ಮೆ ಹಿಂಡಿದವರು ಮೇಡಂ. ಬಸ್ಸಿನಲ್ಲಿ ಅವರ ಮುಖ ಬೆಳಗುತ್ತಿತ್ತು ಎಂದು ಬರೆಯುವ ಆಸೆ. ನಿಜವೆಂದರೆ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ತಂದೆ ಇರುವ ತನಕ ಅವರು ಕೊಟ್ಟಿಗೆಯ ಬಾಗಿಲಿಂದಲೇ ಓಡಾಡಿದರು.

ಮೇಡಂ ತೀರಿಕೊಂಡು ವರ್ಷಗಳಾದವು. ಕಾಕಾ ಅವರಿಗಿಂತ ಮೊದಲೇ ಹೋದರು. ನನ್ನ ನೆನಪನ್ನು ತಿದ್ದುವವರು ಈಗ ಯಾರೂ ಉಳಿದಿಲ್ಲ. ಮೊನ್ನೆ ಪಕ್ಕದ ಮನೆಯವರು ಬಟ್ಟಲಲ್ಲಿ ಪಲ್ಯ ಕಳಿಸಿದರು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಉಂಡೆ.