ಕರೆಂಟು ಇದ್ದಾಗ ನಿಂತ ಮಗ್ಗ

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಸೀರೆ ನೇಯುತ್ತಿದ್ದರು. ಪವರ್‌ಲೂಮಿನ ಖಟಖಟದ ನಡುವೆಯೂ ಅವರ ಎಡಗೈ ತೊಡೆಯ ಮೇಲೆ ಯಾವುದೋ ತಾಳ ಹಾಕುತ್ತಲೇ ಇರುತ್ತಿತ್ತು. ನಾನು ಏನು ಕೇಳಲು ಹೋದರೂ ಒಂದೇ ಉತ್ತರ: "ಕರೆಂಟ್ ಹೋಗ್ಲಿ ತಡಿಯಪ್ಪಾ, ಆಮೇಲೆ ಮಾತಾಡೋಣ." ಕರೆಂಟು ಇರುವಾಗ ಮಗ್ಗ ನಿಲ್ಲಿಸುವುದೆಂದರೆ ಅವರಿಗೆ ಉಣ್ಣುವ ಎಲೆ ಬಿಟ್ಟು ಎದ್ದಂತೆ. ಕರೆಂಟು ಹೋದ ಕ್ಷಣವೇ ಟ್ರಾನ್ಸಿಸ್ಟರು ಕಿವಿಗೆ ಬರುತ್ತಿತ್ತು.

ತೊಂಬತ್ತರ ಸುಮಾರಿನ ಒಂದು ಬೇಸಿಗೆ. ಬೆಂಗಳೂರಿನ ಮೈದಾನವೊಂದರಲ್ಲಿ ಚಪ್ಪರ ಹಾಕಿ ದೊಡ್ಡ ಸಂಗೀತೋತ್ಸವ. ರೇಡಿಯೋದಲ್ಲಷ್ಟೇ ಕೇಳಿದ್ದ ಪಿಟೀಲು ವಿದ್ವಾಂಸರನ್ನು ಕಣ್ಣಾರೆ ನೋಡಲೆಂದು ಅವರು ಇಸ್ತ್ರಿ ಪಂಚೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದ್ದರು. ಅಷ್ಟರಲ್ಲಿ ಹಿಂದಿನ ಬೀದಿಯ ಹೆಂಗಸೊಬ್ಬರು ಓಡಿ ಬಂದರು. ನಾಡಿದ್ದಿನ ಮದುವೆಯ ಧಾರೆ ಸೀರೆ ಇನ್ನೂ ಆಕೆಯ ಮನೆಯ ಮಗ್ಗದ ಮೇಲಿರುವಾಗಲೇ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ನೂರಾರು ಎಳೆ ಹರಿದಿದ್ದವು. ಒಂದೊಂದನ್ನೂ ಗಂಟು ಹಾಕಬೇಕು.

"ನೀನು ಹೋಗಪ್ಪಾ, ಕೇಳ್ಕೊಂಡು ಬಂದು ನಂಗೆ ಹೇಳು," ಎಂದವರೇ ಇಳಿದುಬಿಟ್ಟರು.

ಕಚೇರಿ ಕೇಳಿಕೊಂಡು ಬಂದು ಮರುದಿನ ಹೋದಾಗ ಅವರ ಬೆರಳ ತುದಿಗಳು ಕೆಂಪಾಗಿದ್ದವು. ಆದರೂ ಮಗ್ಗದ ಮುಂದೆ ನಿಂತಿದ್ದರು. ಸದ್ದಿಗಿಂತ ಜೋರಾಗಿ ಕೂಗಿದೆ, "ಬೇಜಾರಾಗ್ಲಿಲ್ವಾ?"

"ಆಗ್ದೆ ಇರ್ತದಾ? ಹೊಟ್ಟೆ ಉರೀತಾ ಅದೆ," ಎಂದರು. ಆಮೇಲೆ ಕೈ ಚಾಚಿ ಮಗ್ಗದ ಸ್ವಿಚ್ಚು ಆರಿಸಿದರು. ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇತ್ತು.

"ಈಗ ಹಾಡು. ನಿನ್ನೆ ಕೇಳಿದ್ದನ್ನ, ಮೊದಲಿಂದ."

ನನಗೆ ಬಂದಷ್ಟು ಗುನುಗಿದೆ. ಶ್ರುತಿ ಎಲ್ಲೋ, ನಾನೆಲ್ಲೋ. ಅವರ ಎಡಗೈ ಮಾತ್ರ ಒಂದು ಸಲವೂ ತಾಳ ತಪ್ಪಲಿಲ್ಲ.