ಹಬ್ಬದ ದಿನ ಬಿಚ್ಚಿದ ಎಂಜಿನ್

ಹೊಸಪೇಟೆಯಲ್ಲಿ ಹೊಲಿಗೆ ಯಂತ್ರ ಕೆಟ್ಟರೆ ಜನ ತ್ರಿವೇಣಿಯ ಮನೆ ಕೇಳಿಕೊಂಡು ಬರುತ್ತಿದ್ದರು. ಅದು ಅಪ್ಪ ಗಾದಿಲಿಂಗಪ್ಪನಿಂದ ಬಂದ ಕಸುಬು. ಆದರೆ ಅವಳ ಮನಸ್ಸು ಅಂಟಿಕೊಂಡದ್ದು ಮೊಳದುದ್ದದ ಒಂದು ಕಾರಿಗೆ. ಅವಳ ಗಂಡ ಈಶ್ವರ್ ಅದಿರಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತ. ಊರು ಬಿಟ್ಟು ಹೊರಟಿದ್ದ ಗಣಿ ಎಂಜಿನಿಯರೊಬ್ಬನಿಂದ ಅವನು ಆ ಆಟದ ಕಾರನ್ನು ಕೊಂಡು ತಂದಿದ್ದ. ನೈಟ್ರೋ ಎಂಬ ಘಾಟು ಇಂಧನ ಕುಡಿದು, ಕಣಜದ ಹಾಗೆ ಕಿರುಚುತ್ತ, ರಿಮೋಟು ಹಿಡಿದವನ ಕಣ್ಣನ್ನೂ ಮೀರಿ ಓಡುವ ಕಾರು. ಓಡಿಸುವವನು ಅವನು, ಉಳಿಸುವವಳು ಇವಳು.

ಬಿಡಿಭಾಗ ಎಂದರೆ ಹೊಸಪೇಟೆಯಲ್ಲಿ ಲಾರಿಯದ್ದು. ಟಿಪ್ಪರಿನ ಗೇರ್‌ಬಾಕ್ಸ್ ಊಟದ ಹೊತ್ತಿಗೆ ಸಿಗುವ ಊರಿನಲ್ಲಿ, ಕಾರಿನ ಇಂಧನ ಹೊತ್ತಿಸುವ, ಬೆರಳ ತುದಿಯಷ್ಟು ಗ್ಲೋ ಪ್ಲಗ್ ಕೇಳಿದರೆ ನಗುತ್ತಿದ್ದರು. ಅಂಗಡಿಯವನೊಬ್ಬ ಜೀಪಿನ ಹೀಟರ್ ಪ್ಲಗ್ ತೋರಿಸಿ, ಇದು ಮರಿ ಹಾಕಿದ ಮೇಲೆ ಬರ್ರಿ ಅಂದಿದ್ದ. ಕೊನೆಗೆ ಗ್ಲೋ ಪ್ಲಗ್ಗನ್ನು ಚೆನ್ನೈ ಕಡೆ ಹೋಗುವ ಲಾರಿ ಡ್ರೈವರ್ ತಂದುಕೊಟ್ಟ. ಬೇರಿಂಗ್ ಬಳ್ಳಾರಿಯಲ್ಲಿ ಸಿಕ್ಕಿತು. ಕ್ಲಚ್ಚಿನ ಸ್ಪ್ರಿಂಗನ್ನು ತ್ರಿವೇಣಿ ತಾನೇ ತಂತಿ ಸುತ್ತಿ ಮಾಡಿದಳು. ಓಡಿಸಿದ ಮೇಲೆ ಒಳಗೆ ತುಕ್ಕು ಹಿಡಿಯದಂತೆ ಹೊಲಿಗೆ ಯಂತ್ರದ ಎಣ್ಣೆಯನ್ನೇ ಹನಿ ಹನಿ ಬಿಡುತ್ತಿದ್ದಳು. ಪಿಸ್ಟನ್ ಮತ್ತು ಅದು ಆಡುವ ಸ್ಲೀವ್ ಮಾತ್ರ ಒಂದಕ್ಕೊಂದು ಕೂಡಿಸಿ ಮಾಡಿದ ಜೋಡಿ. ಅದು ಸವೆದರೆ ಎಂಜಿನ್ ಮುಗಿದಂತೆ. ಆ ಜೋಡಿ ಈಗ ಎಲ್ಲೂ ತಯಾರಾಗುವುದಿಲ್ಲವೆಂದು ಚೆನ್ನೈನ ಅಂಗಡಿಯವನು ಫೋನಿನಲ್ಲಿ ಹೇಳಿಬಿಟ್ಟಿದ್ದ.

ಆಯುಧಪೂಜೆ ಬಂತು. ಸಂಡೂರು ರಸ್ತೆಯ ಲಾರಿಗಳು ಬಾಳೆಕಂದು ಕಟ್ಟಿಕೊಂಡು ನಿಂತವು. ಕೆಂಧೂಳು ಕೆಳಗಿಳಿದು, ಬೇವಿನ ಮರಗಳು ಹಸಿರಾಗಿದ್ದವು. ಖಾಲಿ ಬಿದ್ದ ಅದಿರು ಯಾರ್ಡಿನಲ್ಲಿ ಮರುದಿನ ಬೆಳಗ್ಗೆ ಇಂಥ ಕಾರುಗಳ ಪಂದ್ಯವಿತ್ತು. ತ್ರಿವೇಣಿ ಏರ್ ಫಿಲ್ಟರಿನ ಸ್ಪಂಜನ್ನು ತೊಳೆದು ಒಣಹಾಕಿ, ಕಾರ್ಬುರೇಟರಿನ ತೆರೆದ ಬಾಯಿಗೆ ಬಟ್ಟೆಚೂರು ತುರುಕಿ ಸ್ನಾನಕ್ಕೆ ಹೋದಳು. ಬರುವಷ್ಟರಲ್ಲಿ ಅತ್ತೆ ಎರ್ರಮ್ಮ ಸ್ಪ್ಯಾನರು, ಕತ್ತರಿಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ, ನಡುವೆ ಕಾರನ್ನು ಇಟ್ಟಿದ್ದಳು. ದೇವರ ಮುಂದೆ ಜಿಡ್ಡು ಬಟ್ಟೆ ಯಾಕೆಂದು ಅದನ್ನು ಕಿತ್ತೆಸೆದು, ಎಂಜಿನ್ನಿನ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆದಿದ್ದಳು. ಕಾರ್ಬುರೇಟರಿನ ಬಾಯೊಳಗೆ ಬಿಳಿ ಪುಡಿ ಉದುರಿತ್ತು.

ಒಂದು ಚಿಟಿಕೆ ಬೂದಿಗೆ ಹೆದರಿದರೆ ಹೇಗೆ, ದಿನಾ ಗಣಿ ಧೂಳು ಕುಡಿದು ನಾವು ಬದುಕಿಲ್ಲವೇ ಎಂದ ಈಶ್ವರ್.

"ನಾವು ಕೆಮ್ಮತೀವ್ರಿ. ಅದು ಕೆಮ್ಮೂದಿಲ್ಲ, ಸವಿತೈತಿ," ಎಂದಳು ತ್ರಿವೇಣಿ.

ಬಿಚ್ಚಿ ತೊಳೆಯಬೇಕು. ಆದರೆ ಪೂಜೆಗಿಟ್ಟ ಉಪಕರಣವನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಕೇರಿಯ ಅಷ್ಟೂ ಗ್ಯಾರೇಜುಗಳ ಸ್ಪ್ಯಾನರು ಹೂವಿನಡಿ ಮಲಗಿದ್ದವು. ನಸುಕಿಗೆ ಎದ್ದು ಪೂಜೆ ಮಾಡಿದ ಅತ್ತೆಗೆ ನಿಮ್ಮಿಂದಲೇ ಕೆಟ್ಟಿತೆಂದು ಹೇಗೆ ಹೇಳುವುದು? ಹೋಳಿಗೆ ಬಡಿಸಿದರೂ ತ್ರಿವೇಣಿ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು. ಎರ್ರಮ್ಮ ಎರಡು ಸಲ ಕೇಳಿದ ಮೇಲೆ ಬೂದಿಯ ವಿಷಯ ಬಾಯಿಬಿಟ್ಟಳು.

ಎರ್ರಮ್ಮ ಕಂಪ್ಲಿಯ ರೈಸ್‌ಮಿಲ್ಲಿನ ಮನೆಯಲ್ಲಿ, ಯಂತ್ರಗಳ ನಡುವೆ ಬೆಳೆದವಳು.

"ಪೂಜಿ ಮಾಡಿದ ಎತ್ತಿನ ಕಾಲಾಗ ಮುಳ್ಳು ಮುರದ್ರ, ಹಬ್ಬ ಮುಗೀಲಿ ತಡಿ ಅಂತೀವೇನವ್ವ? ದೇವ್ರಿಗೆ ನಾ ಹೇಳ್ಕೊಂತೀನಿ. ನೀ ಜಲ್ದಿ ಬಿಚ್ಚು."

ಹೂವು ಸರಿಸಿ ಸ್ಪ್ಯಾನರನ್ನು ತಾನೇ ಎತ್ತಿಕೊಟ್ಟಳು. ತ್ರಿವೇಣಿ ಬಿಚ್ಚಿದ ಸ್ಕ್ರೂಗಳಿಗೆ ಅತ್ತೆಯೇ ಊಟದ ತಟ್ಟೆ ಹಿಡಿದು ಕೂತಳು. ಬೂದಿ ಎಂಜಿನ್ನಿನ ಒಳಕ್ಕೂ ಇಳಿದಿತ್ತು. ಎಲ್ಲವನ್ನೂ ತೊಳೆದು, ಎಣ್ಣೆ ಬಿಟ್ಟು ಕೂಡಿಸಿದ್ದಾಯಿತು. ಆದರೆ ತಣ್ಣಗಿದ್ದಾಗ ಎಂಥ ಸ್ಲೀವೂ ಬಿಗಿಯಾಗಿಯೇ ಇರುತ್ತದೆ. ಸವೆದದ್ದು ಕಾದಾಗಲೇ ಕೈಕೊಡುವುದು. ಬೂದಿ ಸ್ಲೀವನ್ನು ಗೀರಿದೆಯೋ ಇಲ್ಲವೋ ಯಾರ್ಡಿನಲ್ಲೇ ಗೊತ್ತಾಗಬೇಕು.

ಪಂದ್ಯದಲ್ಲಿ ಎಲ್ಲರೂ ಕಾರುಗಳನ್ನು ನೋಡುತ್ತಿದ್ದರೆ ತ್ರಿವೇಣಿ ನೆಲ ನೋಡುತ್ತ ಕೇಳುತ್ತಿದ್ದಳು. ಎಂಜಿನ್ ಕಾದಷ್ಟೂ ದನಿ ತೆಳ್ಳಗಾಯಿತು, ಮುರಿಯಲಿಲ್ಲ. ಮುಂದಿದ್ದ ಕಾರನ್ನು ಹಿಂದೆ ಹಾಕುವ ಆಸೆಗೆ ಈಶ್ವರ್ ತಿರುವಿನಲ್ಲಿ ವೇಗ ಇಳಿಸಲಿಲ್ಲ. ಕಾರು ಅದಿರಿನ ಗುಡ್ಡೆಗೆ ಹತ್ತಿ ಪಲ್ಟಿ ಹೊಡೆದು, ನಾಲ್ಕೂ ಗಾಲಿ ಮೇಲೆ ಮಾಡಿ ಅರಚತೊಡಗಿತು. ಅವನು ತಲೆ ಹಿಡಿದುಕೊಂಡ. ತ್ರಿವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ, ಎಂಜಿನ್ ಆರಿಸಲು ಕಾದ ಹೊಗೆಕೊಳವೆಗೆ ಬಟ್ಟೆ ಒತ್ತಿದಳು. ಉಸಿರು ಕಟ್ಟಿದರೂ ಅದು ಸುಲಭಕ್ಕೆ ಆರಲಿಲ್ಲ; ಅಷ್ಟು ಕಾದರೂ ಸ್ಲೀವಿನ ಬಿಗಿ ಸಡಿಲಾಗಿರಲಿಲ್ಲ.

"ಸೋತ್ವಲ್ಲೇ," ಎಂದ ಈಶ್ವರ್, ಏದುಸಿರು ಬಿಡುತ್ತ ಬಂದು.

ತ್ರಿವೇಣಿ ಸುಟ್ಟ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ನಗುತ್ತಿದ್ದಳು.